ಬಯಲಿನ ಬೈಕು, ಘಾಟಿಯ ಏರು: ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು?

ಮೂಟೆ ಹೊತ್ತು ತೋಟದ ಏರು ಹತ್ತುವ ಬೈಕು ಅರ್ಧ ದಾರಿಯಲ್ಲೇ ಏದುಸಿರು ಬಿಡುವುದು ನಮ್ಮ ಸಣ್ಣ ಬೆಳೆಗಾರರಿಗೆ ಹೊಸ ಅನುಭವವೇನಲ್ಲ. ಜೀಪು ಇಟ್ಟುಕೊಳ್ಳಲಾಗದ ಎರಡು-ಮೂರು ಎಕರೆಯ ಹಿಡುವಳಿದಾರನಿಗೆ ಬೈಕೇ ಜೀಪು, ಬೈಕೇ ಎತ್ತಿನ ಗಾಡಿ. ಅದರ ಶಕ್ತಿ ಸಾಲದೆನಿಸಿದಾಗ ಏನಾದರೂ ಬದಲಾವಣೆ ಮಾಡಿಸೋಣವೆಂಬ ಯೋಚನೆ ಬರುವುದು ಸಹಜ. ಸೈಲೆನ್ಸರ್ ಬದಲಿಸಿ, ಏರ್ ಫಿಲ್ಟರ್ ತೆಗೆಸಿ, ಬೋರ್ ದೊಡ್ಡದು ಮಾಡಿಸಿ ಎಂಬ ಸಲಹೆಗಳಿಗೂ ಕೊರತೆಯಿಲ್ಲ. ಇವುಗಳಲ್ಲಿ ಯಾವುದು ಲಾಭ, ಯಾವುದು ದಂಡ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಎರಡು ಸೀಮೆ, ಎರಡು ಬಗೆಯ ದುಡಿಮೆ

ರಾಯಚೂರು ಜಿಲ್ಲೆಯ ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಹೋಗುವ ದಾರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು. ಮುಂದೆ ಸಿಗುವ ಮಸ್ಕಿ, 1915ರಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದ ಊರು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ ಇದೆ. ಅಲ್ಲಲ್ಲಿ ಬಂಡೆಗುಡ್ಡಗಳಿದ್ದರೂ ರಸ್ತೆ ಬಹುಮಟ್ಟಿಗೆ ಸಮತಟ್ಟು. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಎರೆಮಣ್ಣಿನ ಧೂಳು ಎಲ್ಲೆಲ್ಲೂ ಇರುತ್ತದೆ. ಅಲ್ಲಿ ಬೈಕಿನ ಕೆಲಸವೆಂದರೆ ಒಂದೇ ವೇಗದಲ್ಲಿ ದೂರ ಓಡುವುದು.

ನಮ್ಮ ಸೀಮೆಯ ಕೆಲಸ ಬೇರೆ. ಮಡಿಕೇರಿ, ಚಿಕ್ಕಮಗಳೂರುಗಳು ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿವೆ. ಏರು, ತಿರುವು, ಕೆಸರು, ಮತ್ತೆ ಇಳಿಜಾರು. ಇಲ್ಲಿ ಬೇಕಾದದ್ದು ಓಟವಲ್ಲ, ಎಳೆತ.

ಈ ಹೋಲಿಕೆಗೆ ಕಾರಣವುಂಟು. ಕಾಫಿ ಕೊಯ್ಲಿನ ಕಾಲದಲ್ಲಿ ಉತ್ತರ ಕರ್ನಾಟಕದ ಬಯಲು ಸೀಮೆಯಿಂದ ನಮ್ಮ ತೋಟಗಳಿಗೆ ದುಡಿಯಲು ಬರುವವರಿದ್ದಾರೆ. ಬಯಲಿನಲ್ಲಿ ಓಡಿದ ಹಳೆಯ ಬೈಕುಗಳನ್ನು ಕೊಳ್ಳುವ ಬೆಳೆಗಾರರೂ ಇದ್ದಾರೆ. ಅಲ್ಲಿ ಗಾಳಿಯಂತೆ ಓಡುತ್ತಿದ್ದ ಬೈಕು ಇಲ್ಲಿ ಏರಲಾರದಾದರೆ ಅದು ಕೆಟ್ಟಿದೆಯೆಂದು ಅರ್ಥವಲ್ಲ. ಅದನ್ನು ಹೊಂದಿಸಿರುವುದು ಬೇರೆ ಕೆಲಸಕ್ಕೆ.

ಎತ್ತರದ ಗಾಳಿ

ಸಿಂಧನೂರು ಸೀಮೆಯ ಎತ್ತರ ಸುಮಾರು 400ರಿಂದ 500 ಮೀಟರ್. ಅಲ್ಲಿಂದ 1,100 ಮೀಟರಿಗೆ ಏರಿದರೆ ಗಾಳಿಯ ಒತ್ತಡ ನೂರಕ್ಕೆ ಏಳೆಂಟು ಪಾಲು ಕಡಿಮೆಯಾಗುತ್ತದೆ. ಗಾಳಿ ತೆಳುವಾದಷ್ಟು ಎಂಜಿನ್ನಿನ ಬಲವೂ ಇಳಿಯುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಬೈಕಿನಲ್ಲಿ ಪೆಟ್ರೋಲು ಮಾತ್ರ ಮೊದಲಿನ ಅಂದಾಜಿನಲ್ಲೇ ಹರಿಯುವುದರಿಂದ ಮಿಶ್ರಣ ದಪ್ಪವಾಗುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ತುದಿ ಮಸಿಗಟ್ಟಿರುತ್ತದೆ. ಮೆಕ್ಯಾನಿಕ್‌ನಿಂದ ಮಿಶ್ರಣ ಸರಿಪಡಿಸಿ, ಅಗತ್ಯವಿದ್ದರೆ ಒಂದು ಅಳತೆ ಸಣ್ಣ ಜೆಟ್ ಹಾಕಿಸಿದರೆ ಸಾಕು. ಇದು ಅಗ್ಗದ ಕೆಲಸ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ನಿಯಮದ ನಂತರದ ಬೈಕುಗಳಲ್ಲಿ ಬಹುತೇಕ ಫ್ಯೂಯೆಲ್ ಇಂಜೆಕ್ಷನ್ ಇದ್ದು, ಈ ಹೊಂದಾಣಿಕೆಯನ್ನು ಅದೇ ಮಾಡಿಕೊಳ್ಳುತ್ತದೆ. ಅಲ್ಲಿ ಕೈಹಾಕುವ ಕೆಲಸವಿಲ್ಲ.

ಹಲ್ಲಿನ ಲೆಕ್ಕ

ಎಳೆತ ಹೆಚ್ಚಿಸುವ ನಿಜವಾದ ದಾರಿ ಚೈನ್ ಸ್ಪ್ರಾಕೆಟ್ಟಿನಲ್ಲಿದೆ. ಮುಂದಿನ ಚಕ್ರಕ್ಕೆ 14 ಹಲ್ಲು, ಹಿಂದಿನದಕ್ಕೆ 42 ಹಲ್ಲು ಇರುವ ಬೈಕೊಂದನ್ನು ತೆಗೆದುಕೊಳ್ಳಿ. 42ನ್ನು 14ರಿಂದ ಭಾಗಿಸಿದರೆ 3. ಮುಂದಿನದಕ್ಕೆ 13 ಹಲ್ಲಿನ ಚಕ್ರ ಹಾಕಿದರೆ ಈ ಅಂಕಿ 3.23 ಆಗುತ್ತದೆ. ಅಂದರೆ ಹಿಂದಿನ ಗಾಲಿಯಲ್ಲಿ ಎಳೆತ ನೂರಕ್ಕೆ ಸುಮಾರು 7.7ರಷ್ಟು ಹೆಚ್ಚಿತು. ಸವಾರ, ಮೂಟೆ, ಬೈಕು ಎಲ್ಲ ಸೇರಿ 250 ಕಿಲೋ ಇದ್ದರೆ, ಏರಿನಲ್ಲಿ ಸುಮಾರು 18 ಕಿಲೋ ಇಳಿಸಿದಷ್ಟೇ ಹಗುರ.

ಆದರೆ ಇದು ಪುಕ್ಕಟೆ ಬರುವುದಿಲ್ಲ. ಎಂಜಿನ್ನಿನ ಶಕ್ತಿ ಹೆಚ್ಚಿಲ್ಲ, ಎಳೆತ ಮಾತ್ರ ಹೆಚ್ಚಿದೆ. ಮೊದಲು 60 ಕಿ.ಮೀ. ವೇಗ ಕೊಡುತ್ತಿದ್ದ ಎಂಜಿನ್ ಸುತ್ತು ಈಗ ಸುಮಾರು 56 ಕಿ.ಮೀ. ಕೊಡುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ಎಂಜಿನ್ ಹೆಚ್ಚು ಕೂಗುತ್ತದೆ, ಪೆಟ್ರೋಲೂ ತುಸು ಹೆಚ್ಚು ಬೇಕು. ಸಿಂಧನೂರಿನಿಂದ ಲಿಂಗಸುಗೂರಿಗೆ ದಿನವೂ ಓಡಾಡುವವನಿಗೆ ಈ ಬದಲಾವಣೆ ನಷ್ಟ. ಅವನಿಗೆ ಕಾರ್ಖಾನೆ ಕೊಟ್ಟ ಹಲ್ಲೇ ಸರಿ. ದಿನಕ್ಕೆ ನಾಲ್ಕು ಸಲ ತೋಟದ ಏರು ಹತ್ತುವವನಿಗೆ ಇದು ಲಾಭ. ಇಳಿಜಾರಿನಲ್ಲಿ ಎಂಜಿನ್ ಬಿಗಿಹಿಡಿಯುವುದೂ ಹೆಚ್ಚುವುದರಿಂದ ಬ್ರೇಕಿನ ಭಾರ ತಗ್ಗುತ್ತದೆ. ಸವೆದ ಚೈನಿನ ಮೇಲೆ ಹೊಸ ಹಲ್ಲುಚಕ್ರ ಹಾಕಬಾರದು; ಮೂರನ್ನೂ ಒಟ್ಟಿಗೆ ಬದಲಿಸಬೇಕು. ಒಂದು ಹಲ್ಲಿಗಿಂತ ಹೆಚ್ಚು ಕಡಿಮೆ ಮಾಡಬಾರದು.

ಸೈಲೆನ್ಸರ್ ಮತ್ತು ಏರ್ ಫಿಲ್ಟರ್

ಸದ್ದು ಹೆಚ್ಚಿದರೆ ಶಕ್ತಿಯೂ ಹೆಚ್ಚಿತೆಂಬ ಭ್ರಮೆ ಹಳೆಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳು ಮಲೆನಾಡಿನ ಹಿರಿಯ ಬೆಳೆಗಾರರಿಗೆ ಚಿರಪರಿಚಿತ. ಅವು ಟು-ಸ್ಟ್ರೋಕ್ ಎಂಜಿನ್ನುಗಳು. ಅಂಥ ಎಂಜಿನ್ನಿನಲ್ಲಿ ಸೈಲೆನ್ಸರಿನಿಂದ ಹಿಂದಕ್ಕೆ ಚಿಮ್ಮುವ ಒತ್ತಡದ ಅಲೆಯೇ ಹೊಸ ಮಿಶ್ರಣ ಹೊರಗೆ ಸೋರಿಹೋಗದಂತೆ ತಡೆಯುತ್ತದೆ. ಒಳಗಿನ ಜಾಲರಿ ಕಿತ್ತರೆ ಆ ಲೆಕ್ಕ ತಪ್ಪಿ, ಏರಿಗೆ ಬೇಕಾದ ನಡುವೇಗದ ಎಳೆತವೇ ಕುಂದುವ ಸಂಭವವುಂಟು. ಇಂದಿನ ಫೋರ್-ಸ್ಟ್ರೋಕ್ ಬೈಕಿನ ಸೈಲೆನ್ಸರಿನಲ್ಲಿ ಹೊಗೆ ಶುದ್ಧಿಯ ಕ್ಯಾಟಲಿಸ್ಟ್ ಇರುತ್ತದೆ. ಅದನ್ನು ತೆಗೆಸುವುದು ಅಪರಾಧ, ಸಣ್ಣ ಎಂಜಿನ್ನಿನಲ್ಲಿ ದೊರೆಯುವ ಲಾಭವೂ ನಗಣ್ಯ.

ಏರ್ ಫಿಲ್ಟರ್ ತೆಗೆಸುವುದಂತೂ ಎಂಜಿನ್ನಿಗೆ ಮರಳು ತಿನ್ನಿಸಿದಂತೆ. ಮಸ್ಕಿಯ ಧೂಳಿನಲ್ಲಾಗಲಿ, ನಮ್ಮ ಬೇಸಗೆಯ ಕೆಮ್ಮಣ್ಣಿನ ದಾರಿಯಲ್ಲಾಗಲಿ, ಒಳಹೊಕ್ಕ ಕಣಗಳು ಪಿಸ್ಟನ್ ರಿಂಗನ್ನೂ ಬೋರನ್ನೂ ಅರೆದುಹಾಕುತ್ತವೆ. ಆಮೇಲೆ ಎಂಜಿನ್ ಎಣ್ಣೆ ಕುಡಿಯಲು ಶುರುಮಾಡುತ್ತದೆ. ಒಬ್ಬ ಎಳೆತಕ್ಕೆಂದು ಹಲ್ಲು ಬದಲಿಸಿ, ಜೊತೆಗೆ ಫಿಲ್ಟರನ್ನೂ ಕಿತ್ತರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ.

ಸವೆದ ಬೋರನ್ನು ಕೊರೆಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿಸುವುದು ರಿಪೇರಿ, ಅದರಲ್ಲಿ ತಪ್ಪಿಲ್ಲ. ಶಕ್ತಿಗಾಗಿ ದೊಡ್ಡ ಸಿಲಿಂಡರ್ ಕೂರಿಸುವುದು ಬೇರೆ ಮಾತು. ಅದರ ಭಾರವನ್ನು ಕ್ಲಚ್, ಗೇರು, ಬ್ರೇಕುಗಳು ತಾಳಲಾರವು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ಮೂಲತಃ ನಮೂದಿಸಿ ಆರ್.ಸಿ. ಪುಸ್ತಕದಲ್ಲಿ ಸೇರಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಅಥವಾ ಎರಡನ್ನೂ ವಿಧಿಸಬಹುದು. ಶಬ್ದ ಮತ್ತು ಹೊಗೆಯ ನಿಯಮ ಮೀರಿದರೆ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡವುಂಟು. ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಲು ಇಂಥ ಬದಲಾವಣೆಯೇ ನೆಪವಾದೀತು. ಆದ್ದರಿಂದ ಯಾವುದೇ ಬಿಡಿಭಾಗ ಬದಲಿಸುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಒಂದು ಮಾತು ಕೇಳುವುದು ಜಾಣತನ.

ಹೊಲದ ಬೈಕು ಬೇರೆ

ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖ್‌ಭಾಯಿ ಜಗಾನಿಯವರು 1994ರಲ್ಲಿ ಬುಲೆಟ್ ಬೈಕಿನ ಹಿಂಗಾಲಿ ಕಳಚಿ, ಅಲ್ಲಿ ಎರಡು ಗಾಲಿಯ ಚೌಕಟ್ಟು ಜೋಡಿಸಿ, ಉಳುಮೆ-ಬಿತ್ತನೆಯ 'ಬುಲೆಟ್ ಸಾಂತಿ' ರೂಪಿಸಿದರು. ನಮ್ಮ ಉತ್ತರ ಕರ್ನಾಟಕದಲ್ಲೂ ಹಳೆಯ ಬೈಕಿಗೆ ಕುಂಟೆ ಕಟ್ಟಿ ಎಡೆ ಹೊಡೆಯುವ ರೈತರಿದ್ದಾರೆ. ಎತ್ತಿನ ಕೊರತೆಗೆ ಇದು ಒಳ್ಳೆಯ ಉಪಾಯ. ಆದರೆ ನಿಧಾನವಾಗಿ ಎಳೆಯುವಾಗ ಗಾಳಿ ಬೀಸದೆ ಎಂಜಿನ್ ಬೇಗ ಕಾಯುತ್ತದೆ. ನಡುನಡುವೆ ನಿಲ್ಲಿಸಿ ಆರಿಸಬೇಕು. ಇಂಥ ಬೈಕು ಹೊಲಕ್ಕೇ ಮೀಸಲಾಗಬೇಕು, ರಸ್ತೆಗೆ ಇಳಿಯಬಾರದು.

ಮೊದಲು ಮಾಡಬೇಕಾದ್ದು

ಹಣ ಖರ್ಚು ಮಾಡುವ ಮುನ್ನ ಈ ಕ್ರಮದಲ್ಲಿ ನೋಡಿ:

1. ಹಿಂದಿನ ಗಾಲಿ ಎತ್ತಿ ಕೈಯಲ್ಲಿ ತಿರುಗಿಸಿ. ಬ್ರೇಕ್ ಹಿಡಿದುಕೊಂಡಿದ್ದರೆ ಅರ್ಧ ಶಕ್ತಿ ಅಲ್ಲೇ ಹೋಗುತ್ತಿರಬಹುದು.
2. ಟಯರಿನ ಗಾಳಿಯನ್ನು ಕೈಪಿಡಿಯಲ್ಲಿ ಹೊರೆಗೆ ಹೇಳಿದಷ್ಟೇ ಇಡಿ.
3. ಮಳೆಗಾಲದಲ್ಲಿ ಚೈನಿಗೆ ಆಗಾಗ ಎಣ್ಣೆ ಹಾಕಿ. ಧೂಳಿನ ಕಾಲದಲ್ಲಿ ಹೆಚ್ಚಿನ ಎಣ್ಣೆ ಒರೆಸಿ ತೆಗೆಯಿರಿ.
4. ಏರ್ ಫಿಲ್ಟರ್, ಪ್ಲಗ್, ಕ್ಲಚ್ ಪ್ಲೇಟುಗಳನ್ನು ಪರೀಕ್ಷಿಸಿ.
5. ಕೈಪಿಡಿಯ ಹೊರೆಯ ಮಿತಿ ಓದಿ. 100-125 ಸಿ.ಸಿ. ಬೈಕುಗಳಿಗೆ ಸವಾರನೂ ಸೇರಿ ಅದು 130 ಕಿಲೋ ಆಸುಪಾಸಿನಲ್ಲಿರುತ್ತದೆ. ಇಬ್ಬರು ಕುಳಿತರೆ ಅಡಿಕೆ ಮೂಟೆಗೆ ಜಾಗವಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಬೈಕು ಏರದಿದ್ದರೆ ಆಗ ಒಂದು ಹಲ್ಲಿನ ವಿಚಾರ ಮಾಡಿ. ಏರಿದ ಬೈಕು ಅದೇ ಮೂಟೆಯೊಂದಿಗೆ ಇಳಿಯಲೂ ಬೇಕು. ಆದ್ದರಿಂದ ಎಳೆತಕ್ಕೆ ಖರ್ಚು ಮಾಡುವ ಮೊದಲ ರೂಪಾಯಿ ಬ್ರೇಕಿಗೆ ಸಲ್ಲಲಿ.