ಗಾಳಿ ಒಂದೇ, ಮರ ಬೇರೆ

ಬಿರುಗಾಳಿಗೆ ತೆಂಗು ಬಾಗುತ್ತದೆ, ಅಡಿಕೆ ಮುರಿಯುತ್ತದೆ. ಗಾಳಿಯ ವೇಗವನ್ನಷ್ಟೇ ಅಳೆದರೆ ತೋಟದ ನಷ್ಟ ತಿಳಿಯದು. ಮರದ ಗುಣವನ್ನೂ ಅರಿಯಬೇಕು. ಭೂಮಿಯ ಹವೆ ಬದಲಾಗುತ್ತಿರುವಾಗ ಯಾವ ಊರಿಗೆ ಎಷ್ಟು ಅಪಾಯವೆಂದು ಲೆಕ್ಕ ಹಾಕುವ ಬಗೆಯೂ ಇದೇ. ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿಯು 2001ರ ವರದಿಯಲ್ಲಿ ಇದಕ್ಕೆ ಮೂರು ಅಂಶಗಳನ್ನು ಹೇಳಿತು: ಬೀಳುವ ಪೆಟ್ಟು ಎಷ್ಟು, ಅದು ಎಷ್ಟು ನಾಟುತ್ತದೆ, ಚೇತರಿಸಿಕೊಳ್ಳುವ ಶಕ್ತಿ ಎಷ್ಟಿದೆ.

ಈ ಮೂರನ್ನೂ ಒಟ್ಟಿಗೆ ನೋಡಲು ಉಡುಪಿ ಜಿಲ್ಲೆಯ ಎಲ್ಲೂರು ತಕ್ಕ ಊರು. ತಲಾ 600 ಮೆಗಾವಾಟ್‌ನ ಎರಡು ಘಟಕಗಳಿರುವ ಉಷ್ಣ ವಿದ್ಯುತ್ ಸ್ಥಾವರ ಇಲ್ಲಿದೆ. ಮೊದಲ ಘಟಕ 2010ರಲ್ಲಿ, ಎರಡನೆಯದು 2012ರಲ್ಲಿ ಉತ್ಪಾದನೆಗೆ ತೊಡಗಿದವು. ಕಲ್ಲಿದ್ದಲು ಹೊರದೇಶದಿಂದ ಬರುತ್ತದೆ, ನೀರು ಸಮುದ್ರದಿಂದ. ಹೊಗೆಯಲ್ಲಿನ ಇಂಗಾಲ ಇಡೀ ಜಗತ್ತಿನ ಬಾನಿಗೆ ಸೇರುತ್ತದೆ. ಆದರೆ ಹಾರುಬೂದಿ ಮತ್ತು ಉಪ್ಪಿನಂಶ ತಮ್ಮ ಗದ್ದೆ, ಬಾವಿ, ಗಿಡಗಳಿಗೆ ತಾಗುತ್ತಿದೆ ಎಂಬುದು ಸುತ್ತಲಿನವರ ದೂರು. ನಂದಿಕೂರು ಜನಜಾಗೃತಿ ಸಮಿತಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೊಕ್ಕಿತು. ಮಂಡಳಿಯು 2019ರಲ್ಲಿ 5 ಕೋಟಿ ರೂಪಾಯಿ ಮಧ್ಯಂತರ ಠೇವಣಿ ಇಡಿಸಲು ಆದೇಶಿಸಿ, 2022ರಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರವನ್ನು ವಿಧಿಸಿತು.

ಪೆಟ್ಟು ಎಲ್ಲ ಮನೆಗಳಿಗೂ ಸಮನಾಗಿ ನಾಟುವುದಿಲ್ಲ. ಈ ಭಾಗದ ಅನೇಕ ಮನೆಗಳಲ್ಲಿ ಹಿತ್ತಲಿನ ಮಲ್ಲಿಗೆಯೇ ಹೆಂಗಸರ ಕೈಗೆ ಬರುವ ಹಣ. ಬೆಳಿಗ್ಗೆ ಕೊಯ್ದು, ಕಟ್ಟಿ, ಚೆಂಡು ಮಾಡಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯಂತೆ ಶಂಕರಪುರದ ದರಕ್ಕೆ ಮಾರುವುದು ರೂಢಿ. ಅಕಾಲ ಮಳೆಯಾದರೆ ಮೊಗ್ಗು ಕೆಡುತ್ತದೆ. ಬಾವಿ ನೀರು ಉಪ್ಪಾದರೆ ಗಿಡವೇ ಸೊರಗುತ್ತದೆ. ಮುಂಬಯಿಯಿಂದ ಮಗ ಹಣ ಕಳುಹಿಸುವ ಮನೆ ಒಂದು ವರ್ಷದ ನಷ್ಟವನ್ನು ತಡೆದುಕೊಂಡೀತು. ಮಲ್ಲಿಗೆಯನ್ನೇ ನಂಬಿದ ಮನೆ ಸಾಲಕ್ಕೆ ಬೀಳುತ್ತದೆ. ಇಡೀ ಜಿಲ್ಲೆಗೆ ಸರಾಸರಿ ತೆಗೆದರೆ ಈ ಎರಡು ಮನೆಗಳ ನಡುವಿನ ಅಂತರ ಅಳಿಸಿಹೋಗುತ್ತದೆ.

ಆದ್ದರಿಂದ ಇಂಥ ಅಧ್ಯಯನ ಮಳೆ, ಉಷ್ಣಾಂಶಗಳ ಅಂಕಿಗಳಲ್ಲಿ ನಿಲ್ಲಬಾರದು. ಯಾರ ಬಾವಿ, ಯಾರ ಜಮೀನು, ಇನ್ನೊಂದು ಆದಾಯ ಉಂಟೇ ಎಂದು ಮನೆ ಮನೆ ಕೇಳಬೇಕು. ನಷ್ಟವಾದ ಮೇಲೆ ಪರಿಹಾರ ಬರಲು ವರ್ಷಗಳು ಬೇಕು. ಯಾರು ಮೊದಲು ಕುಸಿಯುತ್ತಾರೆಂದು ಮುಂಚೆಯೇ ತಿಳಿಸುವುದರಲ್ಲೇ ಇದರ ಪ್ರಯೋಜನ.