ಗೋಲಾಕಾರದ ಗುಂಡಿನ ಗತಿ ಮತ್ತು ಬೇಟೆಯ ದೂರ

ಹತ್ತೊಂಬತ್ತನೆಯ ಶತಮಾನದ ಬೇಟೆಯ ಬರಹಗಳಲ್ಲಿ ದೂರದ ಈಡುಗಳ ವರ್ಣನೆಗೆ ಕೊರತೆಯಿಲ್ಲ. ಅವುಗಳನ್ನು ಆಕರವಾಗಿ ಬಳಸುವ ಸಂಶೋಧಕರು, ಗುಂಡು ಎಷ್ಟು ದೂರ ಹೋಗುತ್ತಿತ್ತು ಎಂಬುದನ್ನೂ ಎಷ್ಟು ದೂರದವರೆಗೆ ಪ್ರಾಣಿಯನ್ನು ನರಳಿಸದೆ ಕೊಲ್ಲುತ್ತಿತ್ತು ಎಂಬುದನ್ನೂ ಬೇರೆಬೇರೆಯಾಗಿ ನೋಡಬೇಕಾಗುತ್ತದೆ.

ನಳಿಗೆಯ ಬಾಯಿಯಿಂದ ಮದ್ದು ತುಂಬುವ ರೈಫಲಿನಲ್ಲಿ, ಜಿಡ್ಡು ಸವರಿದ ಬಟ್ಟೆಯ ತುಣುಕಿನಲ್ಲಿ ಸುತ್ತಿದ ಸೀಸದ ಗುಂಡನ್ನು ಸಲಾಕೆಯಿಂದ ಮದ್ದಿನ ಮೇಲೆ ಒತ್ತಿ ಕೂರಿಸಲಾಗುತ್ತದೆ. ನಳಿಗೆಯ ಒಳಮೈಯ ಸುರುಳಿಗೀರುಗಳು ಬಟ್ಟೆಯನ್ನು ಹಿಡಿದು ಗುಂಡನ್ನು ತಿರುಗಿಸುತ್ತವೆ. ಇದರಿಂದ ಗುರಿ ನೆಟ್ಟಗಾಗುವುದೇ ಹೊರತು ಗಾಳಿಯ ತಡೆ ತಗ್ಗದು. ಆ ತಡೆ ಎಷ್ಟು ಪ್ರಬಲವೆಂಬುದನ್ನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಲೋಲಕದ ಪ್ರಯೋಗಗಳ ಮೂಲಕ ತೋರಿಸಿದನು.

ಅರ್ಧ ಅಂಗುಲ ಬಾಯಿಯ ರೈಫಲಿನ ಗುಂಡು ಸುಮಾರು 11.5 ಗ್ರಾಂ ತೂಗುತ್ತದೆ. ಸೆಕೆಂಡಿಗೆ 600 ಮೀಟರ್ ವೇಗದಲ್ಲಿ ಹೊರಟ ಅದು 100 ಗಜ ಮುಟ್ಟುವಾಗ ಸುಮಾರು 340 ಮೀಟರಿಗೆ ಇಳಿದಿರುತ್ತದೆ. ಹೊರಟಾಗಿನ ಶಕ್ತಿಯಲ್ಲಿ ಉಳಿಯುವುದು ಮೂರನೆಯ ಒಂದು ಪಾಲು. ಮದ್ದು ಹೆಚ್ಚಿಸಿದರೆ ಈ ಕೊರತೆ ತುಂಬೀತೆಂದು ತೋರಬಹುದು. ಆದರೆ ಶಬ್ದದ ವೇಗವನ್ನು ಮೀರಿದ ಗುಂಡಿಗೆ ಗಾಳಿಯ ತಡೆ ವಿಪರೀತವಾಗಿ ಏರುವುದರಿಂದ, ನಳಿಗೆಯ ಬಾಯಲ್ಲಿ ಗಳಿಸಿದ ಹೆಚ್ಚುವರಿ ವೇಗದ ಬಹುಪಾಲು 100 ಗಜದೊಳಗೇ ಕಳೆದುಹೋಗುತ್ತದೆ. ಜಿಂಕೆಯಂತಹ ಪ್ರಾಣಿಗೆ ಈ ಗಾತ್ರದ ಗುಂಡಿನ ಭರವಸೆಯ ಮೇರೆಯೂ ಸುಮಾರಾಗಿ ಅಲ್ಲಿಯೇ.

ನಿಜವಾದ ಲಾಭವಿರುವುದು ಗುಂಡಿನ ಗಾತ್ರದಲ್ಲಿ. ಒಂದು ಪೌಂಡು ಸೀಸದಿಂದ 14 ಗುಂಡುಗಳಾಗುವ '14 ಬೋರ್' ರೈಫಲನ್ನು ಮೇಲಿನದರೊಡನೆ ಹೋಲಿಸಿದರೆ, ಗುಂಡಿನ ಅಡ್ಡಳತೆ ಸುಮಾರು 1.4 ಪಟ್ಟು, ಗಾಳಿಗೆ ಒಡ್ಡಿದ ಎದುರುಮೈ 2 ಪಟ್ಟು, ತೂಕವಾದರೋ 2.8 ಪಟ್ಟು. ತೂಕವು ತಡೆಗಿಂತ ಮುಂದೆ ಬೆಳೆಯುವುದರಿಂದ ದೊಡ್ಡ ಗುಂಡು ತನ್ನ ವೇಗವನ್ನು ಹೆಚ್ಚು ದೂರ ಉಳಿಸಿಕೊಳ್ಳುತ್ತದೆ.

ಮಧ್ಯ ಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿದ ಸೇನಾಧಿಕಾರಿ ಜೇಮ್ಸ್ ಫಾರ್ಸಿತ್ 1860ರ ದಶಕದ ತನ್ನ 'ದಿ ಸ್ಪೋರ್ಟಿಂಗ್ ರೈಫಲ್ ಅಂಡ್ ಇಟ್ಸ್ ಪ್ರೊಜೆಕ್ಟೈಲ್ಸ್' ಕೃತಿಯಲ್ಲಿ ದೊಡ್ಡ ಬಾಯಿಯ, ಗೋಲಗುಂಡಿನ ರೈಫಲಿನ ಪರವಾಗಿ ವಾದಿಸಿದನು. ಉದ್ದ ಗುಂಡು ದೂರ ಸಾಗುವುದು ದಿಟ. ಆದರೆ ಅಂದಿನ ಅಂತಹ ರೈಫಲುಗಳಲ್ಲಿ ಅದರ ಆರಂಭದ ವೇಗ ಕಡಿಮೆ, ಹಾದಿ ಬಾಗು. ಕಾಡಿನಲ್ಲಿ ದೂರದ ಅಂದಾಜು ತುಸು ತಪ್ಪಿದರೂ ಪ್ರಾಣಿ ಗಾಯಗೊಂಡು ತಪ್ಪಿಸಿಕೊಳ್ಳುತ್ತದೆ. ಗೋಲಗುಂಡಿಗೆ ಹೆಚ್ಚು ಮದ್ದು ತುಂಬಿದಾಗ ಅದು ಗೀರುಗಳ ಹಿಡಿತ ತಪ್ಪದಿರಲೆಂದು, 104 ಅಂಗುಲಕ್ಕೆ ಒಂದೇ ಸುತ್ತಿನಂತಹ ನಿಧಾನ ಸುರುಳಿ ಅವನ ಹೆಸರಿನೊಡನೆ ಉಳಿದಿದೆ. ದೂರಕ್ಕಿಂತ ನೇರ ಹಾದಿಗೆ ಬೆಲೆ ಕೊಟ್ಟ ಈ ವಾದ, ಅದೇ ಕಾಲದ ಎಷ್ಟೋ ಬೇಟೆಯ ಕಥನಗಳಿಗಿಂತ ವಿಶ್ವಾಸಾರ್ಹವಾಗಿದೆ.

ಮಲೆನಾಡಿನ ಕೇಪಿನ ಕೋವಿಗಳಿಗೆ ಈ ಲೆಕ್ಕವನ್ನು ಹಾಗೆಯೇ ಅನ್ವಯಿಸಲಾಗದು. ಅವೂ ಬಾಯಿಯಿಂದ ಮದ್ದು ತುಂಬುವಂತಹವೇ. ಆದರೆ ಸಾಮಾನ್ಯವಾಗಿ ನಳಿಗೆಯ ಒಳಮೈ ನುಣುಪು. ಒಂಟಿ ಗುಂಡು ವೇಗ ಕಳೆದುಕೊಳ್ಳುವ ಬಗೆ ಎರಡರಲ್ಲೂ ಒಂದೇ ಆದರೂ, ನುಣುಪು ನಳಿಗೆಯಲ್ಲಿ ಶಕ್ತಿ ಕುಂದುವ ಮೊದಲೇ ಗುರಿ ಚದುರುತ್ತದೆ.