ಓಲೆಗರಿಯ ಮೇಲೊಂದು ಉದ್ಯಾಪನೆ

ಮಧುಗಿರಿ ಕೋಟೆ ಹತ್ತಲು ಬಂದವರು ಬುಡದ ಮಲ್ಲಿನಾಥ ಬಸದಿಯ ಕಡೆ ತಿರುಗುವುದು ಅಪರೂಪ. ಪಾವಗಡದ ನಿಡಗಲ್ಲು ಬೆಟ್ಟಕ್ಕೆ ಹೋದವರ ಕತೆಯೂ ಅಷ್ಟೇ. ನಿಡಗಲ್ಲನ್ನಾಳಿದ ಇರುಂಗೋಳನ ಕಾಲದಲ್ಲಿ, 1232ರಲ್ಲಿ, ಅಲ್ಲಿನ ಪಾರ್ಶ್ವನಾಥ ಬಸದಿಗೆ ದತ್ತಿ ಬಿಟ್ಟ ಶಾಸನ ಎಷ್ಟು ಜನರಿಗೆ ನೆನಪಿದೆ? ಕಲ್ಲಿಗೆ ಕೊರೆಸಿದ ದಾನ ಹೀಗೆ ಬಯಲಲ್ಲೇ ಉಳಿಯಿತು. ಓಲೆಗರಿಗೆ ಬರೆಸಿದ ದಾನ ನೋಡಬೇಕೆಂದರೆ ಮೂಡುಬಿದಿರೆಯ ಸಿದ್ಧಾಂತ ಬಸದಿಗೆ ಹೋಗಬೇಕು.

ಅಲ್ಲಿರುವುದು ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳು. ಭಾಷೆ ಪ್ರಾಕೃತ, ಲಿಪಿ ಹಳೆಗನ್ನಡದ್ದು, ಕಾಲ ಹೊಯ್ಸಳ ವಿಷ್ಣುವರ್ಧನನದು. ಸಾಮಾನ್ಯ ಓಲೆಗೆ ಕಂಠದಿಂದ ಕೊರೆದು ಮಸಿ ಸವರುತ್ತಾರೆ. ಇವು ಅಗಲವಾದ ಶ್ರೀತಾಳೆಯ ಗರಿಗಳು, ಅಕ್ಷರವನ್ನು ಶಾಯಿಯಲ್ಲೇ ಬರೆದಿದ್ದಾರೆ. ಕೊರೆತವಿಲ್ಲದ ನುಣುಪು ಮೈ ಸಿಕ್ಕಿದ್ದರಿಂದಲೇ ಚಿತ್ರಕಾರನ ಕುಂಚ ಆಡಿತು ಎನಿಸುತ್ತದೆ. ದಾರದ ತೂತುಗಳನ್ನು ತಪ್ಪಿಸಿಕೊಂಡು, ಬೆರಳೆರಡರಷ್ಟು ಎತ್ತರದಲ್ಲಿ ಹೆಡೆಯ ಕೆಳಗಿನ ಪಾರ್ಶ್ವನಾಥ, ಬಳ್ಳಿ ಹಬ್ಬಿದ ಬಾಹುಬಲಿ, ನಂದಿಯ ಜೊತೆ ಕಾಳಿ ಯಕ್ಷಿ. ಕೈಮುಗಿದು ಕೂತ ಶ್ರಾವಕ ಶ್ರಾವಕಿಯರೂ ಅದೇ ಗರಿಗಳಲ್ಲಿದ್ದಾರೆ. ನನ್ನ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ಇವರ ಮೇಲೆ.

ಏಕೆಂದರೆ ಖರ್ಚು ಕೊಟ್ಟವರು ಇಂಥವರು. ಜೈನರಿಗೆ ಆಹಾರ, ಅಭಯ, ಔಷಧಗಳ ಜೊತೆ ಶಾಸ್ತ್ರವೂ ದಾನವೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ಎಲ್ಲರೂ ಬಲ್ಲರು. ಮಹಾಧವಲಾ ಬರೆಸಿದವಳು ಮಲ್ಲಿಕಬ್ಬೆ. ಶ್ರೀಪಂಚಮಿ ನೋಂಪಿಯ ಉದ್ಯಾಪನೆಗೆಂದು ಬರೆಸಿ, ಮಾಘನಂದಿ ಮುನಿಗೆ ಒಪ್ಪಿಸಿದಳು. ನಮ್ಮ ಮನೆಗಳಲ್ಲಿ ವ್ರತ ಮುಗಿದರೆ ಬಾಗಿನ ಕೊಡುವುದಿಲ್ಲವೇ, ಹಾಗೆ.

ಅದೇ ಹೊತ್ತಿಗೆ ಜಪಾನಿನಲ್ಲೂ ಇದೇ ಸಡಗರ. ಹಿರಾಯ್‌ಝುಮಿಯ ಫುಜಿವಾರಾ ಕಿಯೊಹಿರಾ ಎಂಬ ಪಾಳೆಯಗಾರ ಇಡೀ ಬೌದ್ಧ ಸೂತ್ರರಾಶಿಯನ್ನೇ ಬರೆಸಿದ: ನೀಲಿ ಅದ್ದಿದ ಕಾಗದದ ಐದು ಸಾವಿರಕ್ಕೂ ಹೆಚ್ಚು ಸುರುಳಿ, ಒಂದು ಸಾಲು ಚಿನ್ನ, ಮುಂದಿನದು ಬೆಳ್ಳಿ. 1164ರಲ್ಲಿ ತೈರಾ ಕಿಯೊಮೊರಿ ಎಂಬ ಸೇನಾನಾಯಕ ಇತ್ಸುಕುಶಿಮಾ ದೇಗುಲಕ್ಕೆ ಅರ್ಪಿಸಿದ ಸುರುಳಿಗಳು 33 ಮಾತ್ರ. ಆದರೆ ಅಂಚಿನ ಲೋಹದ ಕುಸುರಿ ನೋಡಿದರೆ ಅಕ್ಷರ ಓದುವವರು ಯಾರೆಂದು ಕೇಳಬೇಕಾಗುತ್ತದೆ. ಪುಣ್ಯ ಬರೆಸುವುದರಲ್ಲಿತ್ತು. ಓದು ಆಮೇಲೆ.

ಮೂಡುಬಿದಿರೆಯಲ್ಲಿ ಓದು ಬಹಳವೇ ತಡವಾಯಿತು. ಗ್ರಂಥಗಳನ್ನು ದರ್ಶನಕ್ಕಿಟ್ಟು ಕೈಮುಗಿಯುವುದೇ ರೂಢಿಯಾಗಿ, ಒಳಗಿನ ಸಿದ್ಧಾಂತ ಹೊರಗಿನ ಪಂಡಿತರಿಗೆ ಸಿಗದೆ ಹೋಯಿತು. 19ನೇ ಶತಮಾನದ ಕೊನೆಗೆ ಸೊಲ್ಲಾಪುರ, ಮುಂಬಯಿಯ ಸೇಠರು ದುಡ್ಡು ಕೂಡಿಸಿ ಪ್ರತಿ ಮಾಡಿಸಲು ಹೊರಟರು. ಪ್ರತಿ ಬಸದಿಯಲ್ಲೇ ಉಳಿಯಬೇಕೆಂಬುದು ಕಟ್ಟುಪಾಡು. ನಕಲಿಗೆ ಕೂತ ಗಜಪತಿ ಶಾಸ್ತ್ರಿಗಳು ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿದರು. ಹೆಂಡತಿ ಲಕ್ಷ್ಮೀಬಾಯಿ ಬರವಣಿಗೆಗೆ ಕೈಜೋಡಿಸಿದರು. ಕಟ್ಟುಪಾಡು ಮುರಿದದ್ದು ಸರಿಯೋ ತಪ್ಪೋ, ಆ ಗುಟ್ಟಿನ ಪ್ರತಿಯೇ ಉತ್ತರಕ್ಕೆ ದಾಟಿ, 1939ರಿಂದ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಲಾ ಅಚ್ಚಾಗಲು ದಾರಿಯಾಯಿತು. ಲಕ್ಷ್ಮೀಬಾಯಿ ಬರೆದ ಹಾಳೆಗಳಲ್ಲಿ ಯಕ್ಷಿಯಿಲ್ಲ, ಬಳ್ಳಿಯಿಲ್ಲ. ಬರೀ ಕನ್ನಡ ಅಕ್ಷರ.